ಕಣ್ಣಿ ಬಿಚ್ಚಿದ ಕ್ಯಾಮೆರಾ

ಬೆಳಗಾವಿ ಜಿಲ್ಲೆಯ ಸವದತ್ತಿ ಹಿಂದೆ ಸುಗಂಧವರ್ತಿ ಎನಿಸಿಕೊಂಡು ರಟ್ಟ ಮನೆತನದ ರಾಜಧಾನಿಯಾಗಿತ್ತು. ಅಲ್ಲಿ ರಟ್ಟರ ಶಾಸನಗಳು ದೊರೆತಿವೆ. ಬೈಲಹೊಂಗಲದ ಸಮೀಪ ಸೊಗಲದ ಸೋಮೇಶ್ವರ, ಕಿತ್ತೂರಿನ ಹತ್ತಿರ ದೇಗಾಂವದ ಕಮಲನಾರಾಯಣ, ರಾಮದುರ್ಗ ತಾಲ್ಲೂಕಿನ ತೊರಗಲ್ಲಿನ ಭೂತನಾಥ, ಹೀಗೆ ಈ ನಾಲ್ಕು ಊರುಗಳ ಸುತ್ತಮುತ್ತ ಹಳೆಯ ದೇವಾಲಯಗಳೂ ಕಲ್ಲಿನ ಮೇಲೆ ಕೊರೆದ ಕನ್ನಡವೂ ಉಳಿದುಕೊಂಡಿವೆ. ಎಂಟುನೂರು, ಸಾವಿರ ವರ್ಷ ಮಳೆ ಬಿಸಿಲಿಗೆ ಮೈಯೊಡ್ಡಿದ ಅಕ್ಷರಗಳು ಈಗ ಸವೆದಿವೆ. ಅವುಗಳ ಸ್ಪಷ್ಟ ಚಿತ್ರ ತೆಗೆಯುವುದು ಸುಲಭವಲ್ಲ.

ನಡುಮಧ್ಯಾಹ್ನ ಶಾಸನವೊಂದರ ಎದುರು ನಿಂತು ನೋಡಿ. ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬೀಳುವಾಗ ಅಕ್ಷರದ ಗೆರೆಗೆ ನೆರಳೇ ಇರುವುದಿಲ್ಲ. ಕಲ್ಲು ಬೋಳಾಗಿ ಕಾಣುತ್ತದೆ. ಸಂಜೆಯ ಓರೆ ಬಿಸಿಲು ಬಿದ್ದರೆ ಅದೇ ಕಲ್ಲಿನಲ್ಲಿ ಸಾಲುಗಳು ಎದ್ದು ಬರುತ್ತವೆ. ಯಾವ ಕೋನದ ಬೆಳಕಿಗೆ ಯಾವ ಅಕ್ಷರ ಓದಲು ಸಿಗುತ್ತದೆ ಎಂಬುದನ್ನು ಕ್ಯಾಮೆರಾದ ಬೆನ್ನಿನಲ್ಲಿರುವ ಮೂರು ಅಂಗುಲದ ಪರದೆಯಲ್ಲಿ ತೀರ್ಮಾನಿಸುವುದು ಕಷ್ಟ. ಊರಿಗೆ ಮರಳಿ ದೊಡ್ಡ ಪರದೆಯಲ್ಲಿ ನೋಡಿದಾಗ ಒಂದು ಸಾಲು ಮಸುಕಾಗಿದೆ ಎಂದು ತಿಳಿದರೆ ಮತ್ತೊಮ್ಮೆ ಪ್ರಯಾಣ ಮಾಡಬೇಕು. ಅಷ್ಟರಲ್ಲಿ ಕಲ್ಲಿಗೆ ಯಾರಾದರೂ ಸುಣ್ಣ ಬಳಿದಿದ್ದರೆ ಆ ಸಾಲು ಕೈತಪ್ಪಿದಂತೆಯೇ.

ಇದಕ್ಕೊಂದು ಪರಿಹಾರವಿದೆ. ಕ್ಯಾಮೆರಾವನ್ನು ಸ್ಥಳದಲ್ಲಿಯೇ ಕಂಪ್ಯೂಟರಿಗೆ ಜೋಡಿಸುವುದು, ಕಂಪ್ಯೂಟರಿನಿಂದಲೇ ಶಟರ್ ಒತ್ತುವುದು, ಚಿತ್ರವನ್ನು ಕೂಡಲೇ ದೊಡ್ಡ ಪರದೆಯಲ್ಲಿ ಪರೀಕ್ಷಿಸುವುದು. ಛಾಯಾಗ್ರಾಹಕರು ಇದನ್ನು ‘ಟೆದರ್ಡ್ ಶೂಟಿಂಗ್’ ಎನ್ನುತ್ತಾರೆ. ಟೆದರ್ ಎಂದರೆ ದನವನ್ನು ಗೂಟಕ್ಕೆ ಕಟ್ಟುವ ಹಗ್ಗ, ಅಂದರೆ ನಮ್ಮ ಕಣ್ಣಿ. ಕ್ಯಾಮೆರಾವೆಂಬ ಹಸುವನ್ನು ಕಂಪ್ಯೂಟರೆಂಬ ಗೂಟಕ್ಕೆ ಕಟ್ಟಿದ ಕಣ್ಣಿ ಮೊದಲು ಕೇಬಲ್ ಆಗಿತ್ತು, ಆಮೇಲೆ ರೇಡಿಯೋ ತರಂಗವಾಯಿತು. ಈ ಬದಲಾವಣೆಯ ಇತಿಹಾಸ ನೋಡಲು ಸರಳ. ಆದರೆ ಅದರೊಳಗೆ ಒಂದು ವಿಚಿತ್ರವಿದೆ: ಕೇಬಲ್ ಮೊದಲು, ರೇಡಿಯೋ ನಂತರ ಎಂಬ ಕ್ರಮ ನಮ್ಮ ಮನೆಯ ಕ್ಯಾಮೆರಾಗಳಿಗೆ ಮಾತ್ರ ಅನ್ವಯಿಸುತ್ತದೆ. ಆಕಾಶಕ್ಕೆ ಹೋದ ಹಲವು ಕ್ಯಾಮೆರಾಗಳು ಹುಟ್ಟಿನಿಂದಲೇ ನಿಸ್ತಂತು.

ಒತ್ತುವುದಕ್ಕೂ ನೋಡುವುದಕ್ಕೂ ನಡುವೆ

ಛಾಯಾಗ್ರಹಣದ ಇತಿಹಾಸವನ್ನು ಒಂದೇ ಪ್ರಶ್ನೆಯ ಮೂಲಕ ನೋಡಬಹುದು. ಶಟರ್ ಒತ್ತಿದ ಮೇಲೆ ಚಿತ್ರ ಸರಿಯಾಗಿದೆಯೆ ಎಂದು ತಿಳಿಯಲು ಎಷ್ಟು ಹೊತ್ತು ಬೇಕು?

1850ರ ದಶಕದಲ್ಲಿ ಬಾಂಬೆ ಸರ್ಕಾರ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ಸೇನೆಯ ಅಧಿಕಾರಿ ಬಿಗ್ಸ್ ಅವರನ್ನೂ ಆನಂತರ ವೈದ್ಯ ಪಿಗೌ ಅವರನ್ನೂ ನೇಮಿಸಿತು. ಅವರು ಉತ್ತರ ಕರ್ನಾಟಕದ ಊರುಗಳಲ್ಲಿ ಅಡ್ಡಾಡಿ ತೆಗೆದ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ ಕುರಿತ ಸಂಪುಟವಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಬೆಳಕಿಗೆ ಸ್ಪಂದಿಸುವ ರಾಸಾಯನಿಕ ಲೇಪಿಸಿದ ಕಾಗದ ಅಥವಾ ಗಾಜು, ಔಷಧಗಳು, ಕತ್ತಲೆ ಕೋಣೆಯ ಸಾಮಗ್ರಿ ಎಲ್ಲವನ್ನೂ ಹೊತ್ತು ಸಾಗಬೇಕಿದ್ದ ಕಾಲ ಅದು. ರಾಸಾಯನಿಕ ಸಂಸ್ಕರಣೆ ಮುಗಿಯುವವರೆಗೆ ಚಿತ್ರ ಬಂದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. 1870ರ ದಶಕದಲ್ಲಿ ಸವದತ್ತಿಯ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದವರು ಜೆ. ಎಫ್. ಫ್ಲೀಟ್. ಶಾಸನತಜ್ಞರು ಕ್ಯಾಮೆರಾಕ್ಕಿಂತ ಪಡಿಯಚ್ಚನ್ನೇ ಹೆಚ್ಚು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಮಸಿ ಹಚ್ಚಿದರೆ ಫಲಿತಾಂಶ ಅಲ್ಲೇ ಕಣ್ಣೆದುರು ಇರುತ್ತಿತ್ತು. ಸರಿಯಾಗದಿದ್ದರೆ ಇನ್ನೊಂದು ಕಾಗದ ತೆಗೆದುಕೊಳ್ಳಬಹುದಿತ್ತು.

ಸ್ಥಳದಲ್ಲೇ ನೋಡಿ ಸ್ಥಳದಲ್ಲೇ ತಿದ್ದಿಕೊಳ್ಳುವ ಈ ಅನುಕೂಲ ಛಾಯಾಗ್ರಹಣಕ್ಕೆ ದಕ್ಕಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಲು ಆಕಾಶದಲ್ಲಿ

1959ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟದ ಲೂನಾ-3 ಚಂದ್ರನ ಆಚೆ ಬದಿಯ ಚಿತ್ರ ತೆಗೆಯಿತು. ಅದರಲ್ಲಿದ್ದದ್ದು ಫಿಲ್ಮು. ನೌಕೆಯೊಳಗೇ ಫಿಲ್ಮನ್ನು ಸಂಸ್ಕರಿಸಿ, ಒಣಗಿಸಿ, ಬೆಳಕಿನ ಚುಕ್ಕೆಯಿಂದ ಗೆರೆಗೆರೆಯಾಗಿ ಓದಿ, ಆ ಏರಿಳಿತವನ್ನು ರೇಡಿಯೋ ಮೂಲಕ ಭೂಮಿಗೆ ಕಳಿಸಲಾಯಿತು. ಕತ್ತಲೆ ಕೋಣೆಯೇ ಆಕಾಶಕ್ಕೆ ಹೋಗಿತ್ತು ಎನ್ನಬಹುದು.

1965ರ ಜುಲೈನಲ್ಲಿ ಅಮೆರಿಕದ ಮ್ಯಾರಿನರ್-4 ಮಂಗಳನ ಪಕ್ಕದಲ್ಲಿ ಹಾದುಹೋಗುತ್ತ ಇಪ್ಪತ್ತೆರಡು ಚಿತ್ರ ತೆಗೆಯಿತು, ಕೊನೆಯದು ಅಪೂರ್ಣ. ಇಲ್ಲಿ ಚಿತ್ರ ಅಂಕಿಗಳ ರೂಪ ತಾಳಿತ್ತು. ಪ್ರತಿ ಚಿತ್ರದಲ್ಲಿ 200 ಸಾಲು, ಸಾಲಿಗೆ 200 ಚಿತ್ರಬಿಂದು, ಪ್ರತಿ ಬಿಂದುವಿಗೆ 6 ಬಿಟ್. ಒಟ್ಟು 2,40,000 ಬಿಟ್. ಕಳಿಸುವ ವೇಗ ಸೆಕೆಂಡಿಗೆ ಎಂಟೂಕಾಲು ಬಿಟ್‌ಗಿಂತ ತುಸು ಹೆಚ್ಚು. ಭಾಗಿಸಿ ನೋಡಿ: ಒಂದು ಚಿತ್ರಕ್ಕೆ ಸುಮಾರು ಎಂಟು ಗಂಟೆ! ಕಂಪ್ಯೂಟರ್ ಚಿತ್ರವನ್ನು ಸಿದ್ಧಪಡಿಸುವವರೆಗೆ ಕಾಯಲಾರದೆ ಎಂಜಿನಿಯರುಗಳು ಬರುತ್ತಿದ್ದ ಅಂಕಿಗಳ ಕಾಗದದ ಪಟ್ಟಿಗಳನ್ನು ಗೋಡೆಗೆ ಅಂಟಿಸಿ, ಅಂಕಿಗೊಂದು ಬಣ್ಣದಂತೆ ಬಣ್ಣದ ಕಡ್ಡಿಯಿಂದ ಕೈಯಲ್ಲೇ ತುಂಬಿದರು. ಮಂಗಳನ ಅಂಚು ಹಾಗೆ ಮೂಡಿಬಂತು. ಡಿಜಿಟಲ್ ಚಿತ್ರವೆಂದರೆ ಅಂಕಿಗಳ ಪಟ್ಟಿ ಎಂದು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಮ್ಮ ರಾಜ್ಯವೂ ಈ ಇತಿಹಾಸದ ಭಾಗವೇ. ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಭಾಸ್ಕರ-1 ಉಪಗ್ರಹ 1979ರ ಜೂನ್ 7ರಂದು ಟೆಲಿವಿಷನ್ ಕ್ಯಾಮೆರಾ ಹೊತ್ತು ಹಾರಿತು. 1988ರ ಮಾರ್ಚ್ 17ರಂದು ಹಾರಿದ ಐಆರ್‌ಎಸ್-1ಎ ಉಪಗ್ರಹದಲ್ಲಿ ಸಿಸಿಡಿ ಸಂವೇದಕಗಳ ಕ್ಯಾಮೆರಾಗಳಿದ್ದವು. 904 ಕಿಲೋಮೀಟರ್ ಎತ್ತರದಿಂದ, 22 ದಿನಗಳಿಗೊಮ್ಮೆ ಅದೇ ನೆಲವನ್ನು ಅದು ಮತ್ತೆ ನೋಡುತ್ತಿತ್ತು. ಅದರ ಚಿತ್ರಗಳು ಹೈದರಾಬಾದ್ ಸಮೀಪದ ಶಾದ್‌ನಗರದ ಕೇಂದ್ರದಲ್ಲಿ ಇಳಿಯುತ್ತಿದ್ದವು. ಮಾರುಕಟ್ಟೆಯಲ್ಲಿ ವೈ-ಫೈ ಕ್ಯಾಮೆರಾ ಬರುವುದಕ್ಕೆ ಹದಿನೈದು ವರ್ಷ ಮೊದಲೇ ಭಾರತದ ಡಿಜಿಟಲ್ ಕ್ಯಾಮೆರಾವೊಂದು ನಿಸ್ತಂತುವಾಗಿ ಕಂಪ್ಯೂಟರಿಗೆ ಚಿತ್ರ ಕಳಿಸುತ್ತಿತ್ತು ಎಂಬುದು ಗಮನಾರ್ಹ.

ಹಾಗಾದರೆ ನೆಲದ ಮೇಲೆ ಹತ್ತು ಅಡಿ ದೂರದ ಕ್ಯಾಮೆರಾಕ್ಕೆ ಇದು ಏಕೆ ತಡವಾಗಿ ಬಂತು? ಉಪಗ್ರಹದ ಜೊತೆ ಮಾತಾಡಲು ಅದಕ್ಕೆಂದೇ ಮೀಸಲಾದ ರೇಡಿಯೋ, ಅದಕ್ಕೆಂದೇ ಕಟ್ಟಿದ ಆಂಟೆನಾ, ಅದಕ್ಕೆಂದೇ ಬರೆದ ತಂತ್ರಾಂಶ ಇರುತ್ತವೆ. ಮನೆಯ ಕ್ಯಾಮೆರಾಕ್ಕೆ ಇಷ್ಟೆಲ್ಲ ಸಾಧ್ಯವಿಲ್ಲ. ಅಲ್ಲಿ ಮೂರು ಸಂಗತಿಗಳು ಕೂಡಿ ಬರಬೇಕಿತ್ತು: ಅಗ್ಗದ ರೇಡಿಯೋ, ಅದನ್ನು ಬಳಸಲು ಕಾನೂನಿನ ಒಪ್ಪಿಗೆ, ಎಲ್ಲ ಕಂಪನಿಗಳಿಗೂ ಅರ್ಥವಾಗುವ ಒಂದು ಭಾಷೆ.

ಕೇಬಲ್ಲಿನ ಕಾಲ

ಸಿಸಿಡಿಯನ್ನು 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. 2009ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಸಿಸಿಡಿ ಬಳಸಿ ಕೈಯಲ್ಲಿ ಹಿಡಿಯಬಹುದಾದ ಡಿಜಿಟಲ್ ಕ್ಯಾಮೆರಾ ತಯಾರಿಸಿದರು. ತೂಕ ಸುಮಾರು 3.6 ಕಿಲೋಗ್ರಾಂ, ಚಿತ್ರಬಿಂದುಗಳು ಹತ್ತು ಸಾವಿರ. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ತುಂಬಲು 23 ಸೆಕೆಂಡು ಬೇಕಾಗುತ್ತಿತ್ತು.

1991ರಲ್ಲಿ ಮಾರಾಟಕ್ಕೆ ಬಂದ ಕೊಡಾಕ್ ಡಿಸಿಎಸ್ ಕ್ಯಾಮೆರಾ ಅಕ್ಷರಶಃ ಕಣ್ಣಿ ಹಾಕಿಸಿಕೊಂಡಿತ್ತು. ನಿಕಾನ್ ಎಫ್3 ಕ್ಯಾಮೆರಾದ ದೇಹಕ್ಕೆ 13 ಲಕ್ಷ ಚಿತ್ರಬಿಂದುಗಳ ಸಂವೇದಕ ಕೂಡಿಸಿ, ಕೇಬಲ್ ಮೂಲಕ ಹೆಗಲಿಗೆ ತೂಗುಹಾಕಿದ ಪೆಟ್ಟಿಗೆಗೆ ಸೇರಿಸಲಾಗಿತ್ತು. ಪೆಟ್ಟಿಗೆಯಲ್ಲಿ 200 ಮೆಗಾಬೈಟಿನ ಹಾರ್ಡ್ ಡಿಸ್ಕ್ ಮತ್ತು ಚಿತ್ರ ನೋಡಲು ಪುಟ್ಟ ಪರದೆ ಇದ್ದವು.

1990ರ ದಶಕದಲ್ಲಿ ಸಾಮಾನ್ಯ ಡಿಜಿಟಲ್ ಕ್ಯಾಮೆರಾಗಳು ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಜೋಡಣೆಯಾಗುತ್ತಿದ್ದವು. ಅದರ ವೇಗ ಹೆಚ್ಚೆಂದರೆ ಸೆಕೆಂಡಿಗೆ 1,15,200 ಬಿಟ್. ಒಂದು ಬೈಟ್ ಸಾಗಿಸಲು ಹತ್ತು ಬಿಟ್ ಖರ್ಚಾಗುವುದರಿಂದ ಒಂದು ಮೆಗಾಬೈಟಿಗೆ ಒಂದೂವರೆ ನಿಮಿಷ ಬೇಕು. 1996ರಲ್ಲಿ ಯುಎಸ್‌ಬಿ ಬಂತು. 2000ದಲ್ಲಿ ಬಂದ ಅದರ ಎರಡನೆಯ ಆವೃತ್ತಿ ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸಬಲ್ಲದಾಯಿತು. ವೇಗದ ಸಮಸ್ಯೆ ಹೀಗೆ ಬಹುಮಟ್ಟಿಗೆ ನೀಗಿತು.

ಉಳಿದದ್ದು ಭಾಷೆಯ ಸಮಸ್ಯೆ. ಪ್ರತಿ ಕಂಪನಿಯ ಕ್ಯಾಮೆರಾಕ್ಕೂ ಬೇರೆ ಬೇರೆ ತಂತ್ರಾಂಶದ ಸಿ.ಡಿ. ಬರುತ್ತಿತ್ತು. ಒಬ್ಬರ ತಂತ್ರಾಂಶ ಇನ್ನೊಬ್ಬರ ಕ್ಯಾಮೆರಾಕ್ಕೆ ಕೆಲಸ ಮಾಡುತ್ತಿರಲಿಲ್ಲ. 2000ದಲ್ಲಿ ಛಾಯಾಗ್ರಹಣ ಉದ್ಯಮ ಒಂದು ಸಮಾನ ಭಾಷೆಯನ್ನು ಒಪ್ಪಿಕೊಂಡಿತು. ಅದರ ಹೆಸರು ಪಿಕ್ಚರ್ ಟ್ರಾನ್ಸ್‌ಫರ್ ಪ್ರೋಟೊಕಾಲ್, ಚಿಕ್ಕದಾಗಿ ಪಿಟಿಪಿ. ಪ್ರೋಟೊಕಾಲ್ ಎಂದರೆ ಇಬ್ಬರು ಮಾತಾಡುವಾಗ ಪಾಲಿಸುವ ನಡಾವಳಿಯ ನಿಯಮ. ಮೊದಲು ಪರಿಚಯ, ಆಮೇಲೆ ‘ನಿನಗೆ ಏನೇನು ಗೊತ್ತು?’ ಎಂಬ ಪ್ರಶ್ನೆ; ಆಮೇಲೆ ‘ಚಿತ್ರ ತೆಗೆ’, ‘ಪಟ್ಟಿ ಕೊಡು’, ‘ಆ ಚಿತ್ರ ಕಳಿಸು’ ಎಂಬ ಆಜ್ಞೆಗಳು. ಪ್ರತಿ ಆಜ್ಞೆಗೂ ಒಂದು ಸಂಖ್ಯೆ. ಕ್ಯಾಮೆರಾ ಜಪಾನಿನದಾಗಲಿ ಅಮೆರಿಕದ್ದಾಗಲಿ, ಅದೇ ಸಂಖ್ಯೆಗೆ ಅದೇ ಅರ್ಥ. ಪಿಟಿಪಿ ಆಮೇಲೆ ಐಎಸ್‌ಒ 15740 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಈ ಮಾನಕದ ಜಾಣತನ ಒಂದೇ ಮಾತಿನಲ್ಲಿದೆ. ಮಾತು ಯಾವ ದಾರಿಯಲ್ಲಿ ಸಾಗುತ್ತದೆ ಎಂಬುದನ್ನು ಅದು ಗಂಟುಹಾಕಲಿಲ್ಲ. ಇಂದು ಯುಎಸ್‌ಬಿ ಕೇಬಲ್, ನಾಳೆ ಬೇರೇನೋ. ದಾರಿ ಬದಲಾದರೂ ಭಾಷೆ ಅದೇ. ತಂತಿ ಕಳಚಲು ಬೇಕಾದ ತಯಾರಿ ಇಲ್ಲೇ ಆಯಿತು.

ಗಾಳಿಯಲ್ಲಿ ದಾರಿ

ಅತಿ ಕಿರಿಯ ರೇಡಿಯೋ ತರಂಗಗಳ ಮೊದಲ ಪ್ರಯೋಗಗಳಲ್ಲಿ ಕೆಲವು ನಡೆದದ್ದು ನಮ್ಮ ದೇಶದಲ್ಲಿ. 1895ರಲ್ಲಿ ಜಗದೀಶ ಚಂದ್ರ ಬೋಸ್ ಕಲಕತ್ತೆಯಲ್ಲಿ ಗೋಡೆಯಾಚೆಯ ಗಂಟೆಯನ್ನು ತಂತಿಯಿಲ್ಲದೆ ಬಾರಿಸಿ ತೋರಿಸಿದರು. ಅವರು ಕೆಲಸ ಮಾಡಿದ ತರಂಗಗಳಲ್ಲಿ ಐದು ಮಿಲಿಮೀಟರ್ ತರಂಗದೂರದವೂ ಇದ್ದವು. ಇಂದಿನ ಸಾಮಾನ್ಯ ವೈ-ಫೈ ತರಂಗದೂರ ಸುಮಾರು ಹನ್ನೆರಡೂವರೆ ಸೆಂಟಿಮೀಟರ್.

ಕಂಪ್ಯೂಟರುಗಳು ರೇಡಿಯೋದಲ್ಲಿ ಮಾತಾಡತೊಡಗಿದ್ದು 1971ರಲ್ಲಿ, ಹವಾಯಿ ದ್ವೀಪಗಳಲ್ಲಿ. ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರ ಅಲೋಹಾನೆಟ್ ಜಾಲದಲ್ಲಿ ಹಲವು ಕೇಂದ್ರಗಳು ಒಂದೇ ಆವೃತ್ತಿಯನ್ನು ಹಂಚಿಕೊಂಡವು. ದತ್ತಾಂಶವನ್ನು ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳಿಸುವುದು, ‘ತಲುಪಿತು’ ಎಂಬ ಉತ್ತರ ಬಾರದಿದ್ದರೆ ಸ್ವಲ್ಪ ತಡೆದು ಮತ್ತೆ ಕಳಿಸುವುದು ಅದರ ಉಪಾಯ. ವೈ-ಫೈ ಇಂದಿಗೂ ಈ ಉಪಾಯವನ್ನೇ ಬೆಳೆಸಿಕೊಂಡು ಬಂದಿದೆ. ಗೋಡೆಗಳಿಗೆ ಬಡಿದು ಬರುವ ಪ್ರತಿಧ್ವನಿಯಂಥ ತರಂಗಗಳ ಗೊಂದಲಕ್ಕೆ 1990ರ ದಶಕದಲ್ಲಿ ಪರಿಹಾರ ಹುಡುಕಿದವರಲ್ಲಿ ಆಸ್ಟ್ರೇಲಿಯದ ಜಾನ್ ಓ’ಸಲಿವನ್ ತಂಡ ಪ್ರಮುಖ. 1997ರಲ್ಲಿ ಮೊದಲ ವೈ-ಫೈ ಮಾನಕ ಸೆಕೆಂಡಿಗೆ ಎರಡು ಮೆಗಾಬಿಟ್, 1999ರಲ್ಲಿ ಹನ್ನೊಂದು, 2003ರಲ್ಲಿ ಐವತ್ತನಾಲ್ಕು ಮೆಗಾಬಿಟ್ ವೇಗ ತಲುಪಿತು.

ಇನ್ನು ಕಾನೂನಿನ ಒಪ್ಪಿಗೆ. ಹಳೆಯ ತಲೆಮಾರಿನವರಿಗೆ ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿನ ಹಣ ಕಟ್ಟಿದ ನೆನಪಿದೆ. 1933ರ ಕಾಯಿದೆಯ ಪ್ರಕಾರ ನಿಸ್ತಂತು ಉಪಕರಣ ಇಟ್ಟುಕೊಳ್ಳಲು ಪರವಾನಗಿ ಬೇಕಿತ್ತು. ಅಮೆರಿಕ 1985ರಲ್ಲಿ ಕೆಲವು ಆವೃತ್ತಿಪಟ್ಟಿಗಳನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಮುಕ್ತಗೊಳಿಸಿತು. ಭಾರತದಲ್ಲಿ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ದೊರೆಯಿತು. ಇಂದು ರಾಮದುರ್ಗದ ಶಾಲೆಯೊಂದರಲ್ಲಿ ಯಾರನ್ನೂ ಕೇಳದೆ ವೈ-ಫೈ ಹಚ್ಚಬಹುದಾದರೆ ಅದರ ಹಿಂದೆ ಈ ನಿರ್ಧಾರವಿದೆ.

ಕಣ್ಣಿ ಬಿಚ್ಚಿತು

2003ರಲ್ಲಿ ನಿಕಾನ್ ಡಿ2ಎಚ್ ಕ್ಯಾಮೆರಾದ ಜೊತೆ ಡಬ್ಲ್ಯುಟಿ-1 ಎಂಬ ವೈ-ಫೈ ಪ್ರೇಷಕ ಬಂತು. ಪತ್ರಿಕಾ ಛಾಯಾಗ್ರಾಹಕರು ಆಟದ ಮೈದಾನದ ಅಂಚಿನಿಂದಲೇ ಚಿತ್ರ ಕಳಿಸಲು ಇದು ನೆರವಾಯಿತು. ಅದು ಚಿತ್ರವನ್ನು ರವಾನಿಸುತ್ತಿತ್ತು, ಅಷ್ಟೇ. ಕಂಪ್ಯೂಟರಿನಿಂದ ಕ್ಯಾಮೆರಾವನ್ನು ನಡೆಸಬೇಕಾದರೆ ಆಜ್ಞೆಗಳೂ ಗಾಳಿಯಲ್ಲಿ ಹೋಗಬೇಕು. 2005ರಲ್ಲಿ ಜಪಾನಿನ ಕ್ಯಾಮೆರಾ ಉದ್ಯಮದ ಸಂಘ ಪಿಟಿಪಿ-ಐಪಿ ಎಂಬ ಮಾನಕ ಪ್ರಕಟಿಸಿತು. ಹಳೆಯ ಪಿಟಿಪಿ ಭಾಷೆಯನ್ನೇ ಅಂತರಜಾಲದ ಪೊಟ್ಟಣಗಳಲ್ಲಿ ತುಂಬಿ ಕಳಿಸುವ ವಿಧಾನ ಇದು. ಕಂಪ್ಯೂಟರುಗಳಲ್ಲಿ ಬೇರೆ ಬೇರೆ ಸೇವೆಗಳಿಗೆ ಬೇರೆ ಬೇರೆ ‘ಬಾಗಿಲು’ ಸಂಖ್ಯೆಗಳಿರುತ್ತವೆ. ಪಿಟಿಪಿ-ಐಪಿಯ ಬಾಗಿಲ ಸಂಖ್ಯೆ 15740. ಐಎಸ್‌ಒ ಮಾನಕದ ಸಂಖ್ಯೆಯೂ ಅದೇ ಎಂಬುದನ್ನು ನೀವು ಗುರುತಿಸಿರಬಹುದು.

ಅದೇ 2005ರಲ್ಲಿ ಕೊಡಾಕ್ ಈಸಿಶೇರ್-ಒನ್, ನಿಕಾನ್ ಕೂಲ್‌ಪಿಕ್ಸ್ ಪಿ1 ಮುಂತಾದ ಜೇಬಿನ ಕ್ಯಾಮೆರಾಗಳಿಗೂ ವೈ-ಫೈ ಬಂತು. 2007ರಲ್ಲಿ ಬಂದ ಐ-ಫೈ ಎಂಬ ಮೆಮೊರಿ ಕಾರ್ಡ್ ಹಳೆಯ ಕ್ಯಾಮೆರಾಗಳನ್ನೂ ನಿಸ್ತಂತುಗೊಳಿಸಿತು. ಆನಂತರದ ದಶಕದಲ್ಲಿ ಇದು ಮಾಮೂಲಿ ಸೌಲಭ್ಯವಾಯಿತು.

ಇಲ್ಲೊಂದು ತಪ್ಪು ತಿಳುವಳಿಕೆ ಸಾಮಾನ್ಯ. ವೈ-ಫೈ ಎಂದರೆ ಇಂಟರ್‌ನೆಟ್ ಅಲ್ಲ. ಕ್ಯಾಮೆರಾ ತಾನೇ ಒಂದು ಪುಟ್ಟ ಜಾಲವನ್ನು ಹುಟ್ಟಿಸಬಲ್ಲದು. ಲ್ಯಾಪ್‌ಟಾಪ್ ಅದಕ್ಕೆ ಸೇರಿಕೊಂಡರೆ ಸಾಕು. ಮೊಬೈಲ್ ಸಿಗ್ನಲ್ ಇಲ್ಲದ ಜಾಗದಲ್ಲಿಯೂ ಇದು ಕೆಲಸ ಮಾಡುತ್ತದೆ. ಮೊದಲ ಬಾರಿ ಜೋಡಿಸುವಾಗ ಎರಡೂ ಕಡೆ ಗುರುತಿನ ಸಂಖ್ಯೆಗಳ ವಿನಿಮಯ ಆಗುತ್ತದೆ. ಆಮೇಲೆ ಎರಡು ಸಂಪರ್ಕಗಳು ತೆರೆದುಕೊಳ್ಳುತ್ತವೆ: ಒಂದು ಆಜ್ಞೆ ಮತ್ತು ಚಿತ್ರಗಳಿಗೆ, ಇನ್ನೊಂದು ‘ಹೊಸ ಚಿತ್ರ ಸಿದ್ಧವಾಗಿದೆ’ ಎಂಬಂಥ ಸುದ್ದಿಗಳಿಗೆ.

ತಂತಿ ಹೋದದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಲೆಕ್ಕ ಹಾಕೋಣ. 240 ಲಕ್ಷ ಚಿತ್ರಬಿಂದುಗಳ ಕ್ಯಾಮೆರಾ, ಬಿಂದುವಿಗೆ 14 ಬಿಟ್‌ನಂತೆ, ಸಂಕುಚಿಸದ ಕಚ್ಚಾ ಚಿತ್ರಕ್ಕೆ 336 ಮೆಗಾಬಿಟ್ ಬಳಸುತ್ತದೆ. ಸೆಕೆಂಡಿಗೆ ನಿಜವಾಗಿ 250 ಮೆಗಾಬಿಟ್ ಸಾಗಿಸುವ ಕೇಬಲ್ಲಿಗೆ ಒಂದೂವರೆ ಸೆಕೆಂಡಿಗಿಂತ ಕಡಿಮೆ ಸಾಕು. ನಿಜವಾಗಿ 50 ಮೆಗಾಬಿಟ್ ಸಾಗಿಸುವ ವೈ-ಫೈಗೆ ಸುಮಾರು 7 ಸೆಕೆಂಡು ಬೇಕು. 1999ರ ಹಳೆಯ ವೈ-ಫೈ ನಿಜವಾಗಿ ಐದು ಮೆಗಾಬಿಟ್ ಸಾಗಿಸಿದರೆ ಒಂದು ನಿಮಿಷಕ್ಕೂ ಮಿಕ್ಕುತ್ತದೆ. ಜೊತೆಗೆ ದಪ್ಪ ಕಲ್ಲಿನ ಗೋಡೆ, ನಡುವೆ ನಿಂತ ಜನ ತರಂಗಗಳನ್ನು ಹೀರಿಕೊಳ್ಳುತ್ತಾರೆ. ಪೊಟ್ಟಣಗಳು ಕಳೆದು ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಬ್ಯಾಟರಿಯೂ ಬೇಗ ತೀರುತ್ತದೆ. ಆದ್ದರಿಂದಲೇ ಅನುಭವಸ್ಥರು ಸಂಕುಚಿಸಿದ ಸಣ್ಣ ಚಿತ್ರವನ್ನು ಮಾತ್ರ ಗಾಳಿಯಲ್ಲಿ ಕಳಿಸಿ, ಕಚ್ಚಾ ಚಿತ್ರವನ್ನು ಕ್ಯಾಮೆರಾದ ಕಾರ್ಡಿನಲ್ಲೇ ಉಳಿಸಿಕೊಳ್ಳುತ್ತಾರೆ. ತೀರ್ಮಾನಕ್ಕೆ ಸಣ್ಣ ಚಿತ್ರ ಸಾಕು. ದೊಡ್ಡದು ನಿಧಾನವಾಗಿ ಬಂದರೂ ನಷ್ಟವಿಲ್ಲ.

ಬ್ಯಾಲಾಳಿನ ಪಾಠ

ಈ ಕಣ್ಣಿಯನ್ನು ಎಷ್ಟು ಉದ್ದ ಎಳೆಯಬಹುದು? ಉತ್ತರ ಬೆಂಗಳೂರಿನಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಬ್ಯಾಲಾಳು ಗ್ರಾಮದಲ್ಲಿದೆ. ಅಲ್ಲಿ 32 ಮೀಟರ್ ವ್ಯಾಸದ ಬೋಗುಣಿ ಆಂಟೆನಾ 2008ರಲ್ಲಿ ಸಜ್ಜಾಯಿತು. ಆ ವರ್ಷ ಅಕ್ಟೋಬರ್ 29ರಂದು ಚಂದ್ರಯಾನ-1ರ ಭೂಮೇಲ್ಮೈ ಕ್ಯಾಮೆರಾವನ್ನು ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಸಾಲು ಸಾಲು ಆಜ್ಞೆಗಳ ಮೂಲಕ ಚಾಲೂ ಮಾಡಲಾಯಿತು. ಮೊದಲ ಚಿತ್ರ 9,000 ಕಿಲೋಮೀಟರ್ ಎತ್ತರದಿಂದ ಕಂಡ ಆಸ್ಟ್ರೇಲಿಯದ ಉತ್ತರ ಕರಾವಳಿ. ಅದು ಬಂದಿಳಿದದ್ದು ಬ್ಯಾಲಾಳಿನಲ್ಲಿ. ಕಂಪ್ಯೂಟರಿನಿಂದ ಆಜ್ಞೆ, ಕ್ಯಾಮೆರಾದಿಂದ ಚಿತ್ರ: ತತ್ತ್ವದಲ್ಲಿ ಇದು ಟೆದರ್ಡ್ ಶೂಟಿಂಗೇ.

ಚಂದ್ರನಿಂದ ರೇಡಿಯೋ ತರಂಗ ಬರಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಈ ಅಂತರದಲ್ಲಿ ನೋಡಿ ತೀರ್ಮಾನಿಸುವುದು ಸಾಧ್ಯ. 2023ರ ಆಗಸ್ಟ್ 27ರಂದು ಪ್ರಜ್ಞಾನ್ ಬಂಡಿ ತನ್ನ ಮುಂದೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿಯನ್ನು ಎದುರಿಸಿತು. ಬಂಡಿಗೆ ಹಿಂದಿರುಗಿ ಬೇರೆ ದಾರಿ ಹಿಡಿಯುವಂತೆ ಆಜ್ಞೆ ಹೋಯಿತು. ಬಂಡಿ ನೇರವಾಗಿ ಭೂಮಿಯೊಂದಿಗೆ ಮಾತಾಡುತ್ತಿರಲಿಲ್ಲ. ಸಮೀಪದ ವಿಕ್ರಮ್‌ಗೆ ನಿಸ್ತಂತುವಾಗಿ ಹೇಳುತ್ತಿತ್ತು, ವಿಕ್ರಮ್ ಭೂಮಿಗೆ ದಾಟಿಸುತ್ತಿತ್ತು. ನಮ್ಮ ಕೋಣೆಯ ಕ್ಯಾಮೆರಾ, ರೌಟರ್, ಕಂಪ್ಯೂಟರುಗಳ ಸರಪಳಿಯೂ ಹೀಗೆಯೇ ಇದೆ.

ಮಂಗಳದ ಲೆಕ್ಕ ಬೇರೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ದೂರ ಸುಮಾರು 22.4 ಕೋಟಿ ಕಿಲೋಮೀಟರ್. ಇದನ್ನು ಬೆಳಕಿನ ವೇಗದಿಂದ, ಅಂದರೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರಿನಿಂದ, ಭಾಗಿಸಿದರೆ ಹನ್ನೆರಡೂವರೆ ನಿಮಿಷ. ಆಜ್ಞೆ ಹೋಗಿ ಉತ್ತರ ಬರಲು ಇಪ್ಪತ್ತೈದು ನಿಮಿಷ. ‘ಪೊಟ್ಟಣ ತಲುಪಲಿಲ್ಲ, ಮತ್ತೆ ಕಳಿಸು’ ಎನ್ನುವ ವೈ-ಫೈ ಉಪಾಯ ಇಲ್ಲಿ ತೀರ ನಿಧಾನ. ದೂರಾಕಾಶ ಸಂಪರ್ಕದಲ್ಲಿ ಪ್ರತಿ ಸಂದೇಶದ ಜೊತೆ ಲೆಕ್ಕಹಾಕಿದ ಹೆಚ್ಚುವರಿ ಬಿಟ್‌ಗಳನ್ನು ಕಳಿಸುತ್ತಾರೆ. ದಾರಿಯಲ್ಲಿ ಕೆಲವು ಬಿಟ್ ಕೆಟ್ಟರೂ ಉಳಿದವುಗಳಿಂದ ಅವನ್ನು ತಿದ್ದಿಕೊಳ್ಳಬಹುದು. ಕ್ಯಾಮೆರಾದ ಆಜ್ಞೆಗಳನ್ನೂ ಮುಂಚಿತವಾಗಿಯೇ ಬರೆದು ಕಳಿಸಿರುತ್ತಾರೆ. 2022ರಲ್ಲಿ ಸಂಪರ್ಕ ಕಡಿಯುವವರೆಗೆ ಮಂಗಳಯಾನ ಹೀಗೆ ದುಡಿಯಿತು.

ಹಾಗಾದರೆ ಟೆದರ್ಡ್ ಶೂಟಿಂಗಿನ ನಿಜವಾದ ಕಣ್ಣಿ ತಂತಿಯೂ ಅಲ್ಲ, ತರಂಗವೂ ಅಲ್ಲ; ಸಮಯ. ಉತ್ತರ ಬರುವ ಸಮಯ ಚಿಕ್ಕದಾದರೆ ನೋಡಿ ತಿದ್ದಬಹುದು. ದೊಡ್ಡದಾದರೆ ಮೊದಲೇ ಯೋಚಿಸಿ ಹೊರಡಬೇಕು. 1850ರ ದಶಕದಲ್ಲಿ ಗಾಜಿನ ಫಲಕ ಹೊತ್ತು ಹೊರಟವರೂ ಮಂಗಳಯಾನದವರೂ ಈ ಅರ್ಥದಲ್ಲಿ ಒಂದೇ ಸಾಲಿನವರು.

ಮತ್ತೆ ಕಲ್ಲಿನ ಅಕ್ಷರಗಳಿಗೆ

ಸವೆದ ಶಾಸನಕ್ಕೆ ಈ ವಿದ್ಯೆ ಏನು ಕೊಡಬಲ್ಲದು? 2001ರಲ್ಲಿ ಅಮೆರಿಕದ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಒಂದು ವಿಧಾನ ಪ್ರಕಟಿಸಿದರು. ಕ್ಯಾಮೆರಾ ಅಲುಗದಂತೆ ನಿಲ್ಲಿಸಿ, ದೀಪವನ್ನು ಮಾತ್ರ ಬೇರೆ ಬೇರೆ ಕೋನದಲ್ಲಿ ಹಿಡಿದು ಹತ್ತಾರು ಚಿತ್ರ ತೆಗೆಯುವುದು. ಪ್ರತಿ ಬಿಂದುವಿನ ಹೊಳಪು ಬೆಳಕಿನ ಕೋನಕ್ಕೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂಬುದರಿಂದ ಆ ಜಾಗದ ಏರುತಗ್ಗನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ ಪರದೆಯ ಮೇಲೆ ಬೇಕಾದ ಕಡೆಯಿಂದ ‘ಬೆಳಕು’ ಬೀಳಿಸಿ ಅಕ್ಷರ ಓದಬಹುದು. ಕಲ್ಲಿಗೆ ಮಸಿ ಇಲ್ಲ, ನೀರಿಲ್ಲ, ಸ್ಪರ್ಶವೂ ಇಲ್ಲ. ಚೌಕಟ್ಟಿನೊಳಗೆ ಹೊಳೆಯುವ ಕಪ್ಪು ಗುಂಡೊಂದನ್ನು ಇಟ್ಟರೆ ಅದರ ಮೇಲಿನ ಮಿಂಚಿನ ಚುಕ್ಕೆ ದೀಪದ ದಿಕ್ಕನ್ನು ತಿಳಿಸುತ್ತದೆ. ದೀಪ ಮತ್ತು ಕಲ್ಲಿನ ನಡುವಿನ ದೂರ ಸಮನಾಗಿರಲು ಒಂದು ದಾರ ಸಾಕು.

ಈ ವಿಧಾನದ ಕಟ್ಟುನಿಟ್ಟಿನ ಷರತ್ತೆಂದರೆ ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಕ್ಯಾಮೆರಾ ಕೂದಲೆಳೆಯಷ್ಟೂ ಸರಿಯಬಾರದು. ಬೆರಳಿನಿಂದ ಗುಂಡಿ ಒತ್ತಿದರೂ ಅಪಾಯ. ಕೇಬಲ್ ಎಳೆದರೂ, ಯಾರಾದರೂ ಅದನ್ನು ಎಡವಿದರೂ ಅಪಾಯ. ನಿಸ್ತಂತು ಜೋಡಣೆ ಬರಿಯ ಅನುಕೂಲವಲ್ಲದೆ ಅಗತ್ಯವೇ ಆಗುವ ಜಾಗ ಇದು. ಒಬ್ಬರು ದೀಪ ಹಿಡಿಯುತ್ತಾರೆ, ಇನ್ನೊಬ್ಬರು ದೂರದಲ್ಲಿ ಲ್ಯಾಪ್‌ಟಾಪಿನಿಂದ ಶಟರ್ ಒತ್ತಿ, ಪ್ರತಿ ಚಿತ್ರವನ್ನು ಹಿಗ್ಗಿಸಿ ನೋಡುತ್ತಾರೆ. ತಪ್ಪಿದ್ದರೆ ಅಲ್ಲೇ ಇನ್ನೊಮ್ಮೆ. ಜಿಫೋಟೊ ಎಂಬ ಮುಕ್ತ ತಂತ್ರಾಂಶ ನೂರಾರು ಮಾದರಿಯ ಕ್ಯಾಮೆರಾಗಳಿಗೆ ಹೀಗೆ ಆಜ್ಞೆ ಕೊಡಬಲ್ಲದು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮುಂಚಿತ ಅನುಮತಿ ಪಡೆಯಬೇಕೆಂಬುದನ್ನು ಮರೆಯಬಾರದು.

ಶಾಲೆಗೂ ಇದು ದೂರದ ಮಾತಲ್ಲ. ಐವತ್ತು ಮಕ್ಕಳಿಗೆ ಒಂದೇ ಸೂಕ್ಷ್ಮದರ್ಶಕವಿದ್ದರೆ ಈರುಳ್ಳಿ ಸಿಪ್ಪೆಯ ಕೋಶ ನೋಡಲು ಒಂದು ಪೀರಿಯಡ್ ಸಾಲದು. ಸೂಕ್ಷ್ಮದರ್ಶಕದ ಕಣ್ಣಿಗೆ ಮೊಬೈಲ್ ಅಥವಾ ಕ್ಯಾಮೆರಾ ಜೋಡಿಸಿ ಚಿತ್ರವನ್ನು ಲ್ಯಾಪ್‌ಟಾಪಿಗೆ ಕಳಿಸಿದರೆ ಎಲ್ಲರೂ ಒಟ್ಟಿಗೆ ನೋಡುತ್ತಾರೆ, ಒಟ್ಟಿಗೆ ಪ್ರಶ್ನೆ ಕೇಳುತ್ತಾರೆ.

ಒಂದು ಎಚ್ಚರಿಕೆ. ನಮ್ಮ ಆಜ್ಞೆ ಕೇಳುವ ಕ್ಯಾಮೆರಾ ಬೇರೆಯವರ ಆಜ್ಞೆಯನ್ನೂ ಕೇಳಬಹುದು. 2019ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ಕ್ಯಾನನ್ 80ಡಿ ಕ್ಯಾಮೆರಾವನ್ನು ವೈ-ಫೈ ಮೂಲಕ ವಶಪಡಿಸಿಕೊಂಡು ಅದರೊಳಗಿನ ಚಿತ್ರಗಳಿಗೆ ಬೀಗ ಹಾಕಿ ತೋರಿಸಿದರು. ಅವರು ಬಳಸಿದ ದಾರಿ ಪಿಟಿಪಿಯೇ. ತಯಾರಕರು ತಿದ್ದುಪಡಿ ಬಿಡುಗಡೆ ಮಾಡಿದರು. ಕೇಬಲ್ಲಿನ ಕಾಲದಲ್ಲಿ ರೂಪುಗೊಂಡ ಭಾಷೆ ಎದುರಿಗಿದ್ದವರನ್ನು ನಂಬಿತ್ತು. ಗಾಳಿಯಲ್ಲಿ ಯಾರು ಬೇಕಾದರೂ ಇರಬಹುದು. ಆದ್ದರಿಂದ ಪಾಸ್‌ವರ್ಡ್ ಇಲ್ಲದ ಜಾಲದಲ್ಲಿ ಕ್ಯಾಮೆರಾ ಸೇರಿಸಬೇಡಿ; ಕೆಲಸ ಮುಗಿದೊಡನೆ ವೈ-ಫೈ ಆರಿಸಿ.

ವಿದ್ಯಾರ್ಥಿಗಳು ಮಾಡಿನೋಡಬಹುದಾದ ಒಂದು ಚಟುವಟಿಕೆ ಇಲ್ಲಿದೆ. ನಿಮ್ಮೂರಿನ ಗುಡಿಯ ಮುಂದೆ ಶಾಸನವೋ ವೀರಗಲ್ಲೋ ಇದ್ದರೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೇ ಜಾಗದಿಂದ ಮೂರು ಚಿತ್ರ ತೆಗೆಯಿರಿ. ಕಲ್ಲನ್ನು ಮುಟ್ಟಬೇಡಿ, ಅರಿಶಿನ ಸುಣ್ಣ ಬಳಿಯಬೇಡಿ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಯಾವುದರಲ್ಲಿ ಎಷ್ಟು ಗೆರೆ ಕಾಣುತ್ತವೆ ಎಣಿಸಿರಿ. ನಂತರ ಒಂದು ಚಿತ್ರದ ಗಾತ್ರವನ್ನು ಮೆಗಾಬೈಟಿನಲ್ಲಿ ಬರೆದುಕೊಂಡು, ಅದು ಮ್ಯಾರಿನರ್-4ರ ವೇಗದಲ್ಲಿ ಬರಲು ಎಷ್ಟು ದಿನ ಬೇಕಾಗುತ್ತಿತ್ತು ಎಂದು ಲೆಕ್ಕ ಹಾಕಿರಿ.